‘ನೋಡಿ ಹೇಳಿ, ಈ ನೀರು ಕುಡಿಯಬಹುದೇ?’

ನೀರಿನ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ ಎಂದು ತಿಳಿದರೆ ಸಾಕು, ಯಾರಾದರೊಬ್ಬರು ಬಾಟಲಿ ತಂದು ಮುಂದೆ ಹಿಡಿಯುತ್ತಾರೆ: ‘ಸ್ವಲ್ಪ ನೋಡಿ ಹೇಳಿ, ಇದನ್ನು ಕುಡಿಯಬಹುದೇ?’ ನೋಡಿ ಹೇಳಲಾಗದು ಎಂದರೆ ನಿರಾಸೆ. ಇಷ್ಟು ಓದಿಯೂ ಅಷ್ಟು ಗೊತ್ತಿಲ್ಲವೇ ಎಂಬ ಮುಖಭಾವ ನನಗೆ ರೂಢಿಯಾಗಿದೆ.

ಕಣ್ಣಿಗೆ ಕಾಣುವುದು ಮಣ್ಣು, ಪಾಚಿ, ತುಕ್ಕಿನ ಬಣ್ಣ. ನಿಜವಾಗಿ ಹೆದರಬೇಕಾದವು ಬಹುಪಾಲು ಕಾಣುವುದೇ ಇಲ್ಲ. ಆರ್ಸೆನಿಕ್ ಎಂಬ ವಿಷವಸ್ತುವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಅದರ ಹತ್ತು ಪಟ್ಟು ಇದ್ದರೂ ನೀರು ತಿಳಿಯಾಗಿಯೇ ಇರುತ್ತದೆ, ರುಚಿಯಲ್ಲೂ ಗೊತ್ತಾಗದು.

ಆಗ ಕೆಲವರು ಟಿಡಿಎಸ್ ಮೀಟರ್ ಹೊರತೆಗೆಯುತ್ತಾರೆ. ಆ ಪುಟ್ಟ ಉಪಕರಣದ ಮೇಲೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಮಾರುವವರ ಮಾತಿನ ಮೇಲೆ, ನನಗೆ ಸಿಟ್ಟಿದೆ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಅಳೆದು, ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅದು ಅಂದಾಜು ಮಾಡುತ್ತದೆ. ಅದರಲ್ಲಿ ಯಾವುದೆಷ್ಟು ಎಂದು ತಿಳಿಸದು. ರೋಗಾಣುಗಳಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ನಾನೇ ತಿರುಗಿ ಪ್ರಶ್ನೆ ಹಾಕುತ್ತೇನೆ. ನೀರು ಎಲ್ಲಿಂದ ಬರುತ್ತದೆ? ಶೌಚದ ಗುಂಡಿ ಎಷ್ಟು ದೂರದಲ್ಲಿದೆ? ಸುತ್ತ ಗೊಬ್ಬರ ಹಾಕುವ ಹೊಲಗಳಿವೆಯೇ? ಪೈಪು ಯಾವ ಕಾಲದ್ದು? ಮಳೆ ಬಂದ ಮೇಲೆ ಬಣ್ಣ ಬದಲಾಗುತ್ತದೆಯೇ? ಮನೆಯಲ್ಲಿ ಹಸುಗೂಸು ಇದೆಯೇ? ಯಾವುದಕ್ಕಾಗಿ ಪರೀಕ್ಷಿಸಬೇಕು ಎಂಬುದು ಈ ಉತ್ತರಗಳಿಂದಲೇ ತಿಳಿಯುವುದು. ವಿಜ್ಞಾನಿಗಳು ಜನರ ಬಳಿ ಹೋಗುವುದೆಂದರೆ ಉಪದೇಶ ಮಾಡುವುದು ಎಂದೇ ಹಲವರು ತಿಳಿದಿದ್ದಾರೆ, ವಿಜ್ಞಾನಿಗಳೂ ಸೇರಿ. ನನ್ನ ಮಟ್ಟಿಗೆ ಅದರ ಮುಕ್ಕಾಲು ಭಾಗ ಕೇಳಿಸಿಕೊಳ್ಳುವುದೇ.

ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲ್‌ನಲ್ಲಿ ನೀರಿನ ಮೂಲವನ್ನು ನದಿಗೆ ಬದಲಿಸಿದರು. ಪೈಪು ಸವೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಪೈಪುಗಳ ಸೀಸ ನೀರಿಗೆ ಇಳಿಯಿತು. ಬಣ್ಣ, ವಾಸನೆ, ಮೈಮೇಲಿನ ದದ್ದುಗಳ ಬಗ್ಗೆ ನಿವಾಸಿಗಳು ದೂರುತ್ತಲೇ ಇದ್ದರು, ಅಧಿಕಾರಿಗಳು ಸುರಕ್ಷಿತ ಎನ್ನುತ್ತಲೇ ಇದ್ದರು. 2015ರಲ್ಲಿ ವರ್ಜಿನಿಯಾ ಟೆಕ್ ವಿಶ್ವವಿದ್ಯಾಲಯದ ತಂಡವೊಂದು ಮನೆಗಳಿಗೆ ಬಾಟಲಿಗಳನ್ನು ಕಳುಹಿಸಿತು. ಮಾದರಿ ಹಿಡಿದು ಕೊಟ್ಟವರು ಅಲ್ಲಿನ ಜನರೇ. ಆ ಅಕ್ಟೋಬರ್‌ನಲ್ಲಿ ನಗರ ಹಳೆಯ ಮೂಲಕ್ಕೆ ಮರಳಿತು. ಬಣ್ಣವನ್ನು ನಂಬಬೇಡಿ ಎಂದು ಈಗಷ್ಟೇ ಹೇಳಿದೆನಲ್ಲ? ತಿಳಿ ನೀರನ್ನು ನಂಬಬೇಡಿ ಎಂಬುದು ನನ್ನ ಮಾತು; ಕೆಟ್ಟು ಕಂಡ ನೀರಿನ ಬಗ್ಗೆ ದೂರು ಬಂದರೆ ಅದನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ.

ಇನ್ನು ಫಲಿತಾಂಶವನ್ನು ಹೇಳುವ ಬಗೆ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಪರೀಕ್ಷೆಯ ನಂತರ ಕೊಳವೆಬಾವಿಗಳ ಪಂಪುಗಳಿಗೆ ಕೆಂಪು ಇಲ್ಲವೇ ಹಸಿರು ಬಣ್ಣ ಬಳಿದರು. ಅಕ್ಷರ ಬಾರದವರಿಗೂ ಅರ್ಥವಾಗುವ ವರದಿ ಅದು. ಆದರೆ ಅಲ್ಲಿನ ಮಿತಿ ಲೀಟರಿಗೆ 50 ಮೈಕ್ರೊಗ್ರಾಂ. ಹಸಿರು ಪಂಪಿನ ನೀರು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಮೀರಿರಬಹುದು, ಅದರಲ್ಲಿ ರೋಗಾಣುಗಳೂ ಇರಬಹುದು. ಆದರೂ ದಶಮಾಂಶಗಳು ತುಂಬಿದ, ಯಾರೂ ಓದದ ಪಟ್ಟಿಗಿಂತ ಆ ಬಣ್ಣವೇ ಮೇಲು ಎನ್ನುವವಳು ನಾನು.

‘ಕುದಿಸಿದರೆ ಆಯಿತಲ್ಲವೇ?’ ರೋಗಾಣುಗಳಿಗೆ ಆಯಿತು. ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ.

ಬಾಟಲಿ ತರಲೇಬೇಕೆಂದಿದ್ದರೆ ಪಾನೀಯದ ಖಾಲಿ ಬಾಟಲಿ ಬೇಡ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದಿಂದಲೇ ಕ್ರಿಮಿರಹಿತ ಬಾಟಲಿ ಪಡೆದು, ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟು ಹಿಡಿಯಿರಿ. ತಂಪಾಗಿಟ್ಟು ಅದೇ ದಿನ ತಲುಪಿಸಿ. ಸೀಸಕ್ಕೆ ಇದರ ತದ್ವಿರುದ್ಧ: ರಾತ್ರಿಯೆಲ್ಲ ಪೈಪಿನಲ್ಲೇ ನಿಂತಿದ್ದ, ಬೆಳಗಿನ ಮೊದಲ ನೀರೇ ಬೇಕು. ಎರಡೂ ಬೇಕಿದ್ದರೆ ಸೀಸದ ಪರೀಕ್ಷೆಯ ಬಾಟಲಿಯನ್ನು ಮೊದಲು ತುಂಬಿಸಿ.