ಬೆಕ್ಕಲ್ಲದ ಬೆಕ್ಕಿನ ಕೋರೆಹಲ್ಲು

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದಲ್ಲಿ ನಾಲ್ಕು ದಿನ ಸುತ್ತಿದೆವು. ಮನಸ್ಸಿನಲ್ಲಿ ಉಳಿದಿರುವುದು ಒಂದೇ ಮಧ್ಯಾಹ್ನ. ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಬೆನ್ ರೈಫೆಲ್ ಸಂದರ್ಶಕರ ಕೇಂದ್ರದಲ್ಲಿ ಒಂದು ಲ್ಯಾಬ್ ಇದೆ. ಪಳೆಯುಳಿಕೆಗೆ ಅಂಟಿದ ಕಲ್ಲನ್ನು ಅಲ್ಲಿ ಸೂಜಿಯಂಥ ಉಪಕರಣದಿಂದ ಚೂರುಚೂರೇ ಬಿಡಿಸುತ್ತಾರೆ. ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ.

ಕೆಲಸದಲ್ಲಿದ್ದ ಮಹಿಳೆ ನನ್ನ ಕೈಗೆ ಹಾಪ್ಲೊಫೋನಿಯಸ್ ಎಂಬ ಅಳಿದುಹೋದ ಪ್ರಾಣಿಯ ತಲೆಬುರುಡೆಯ ಪ್ರತಿಕೃತಿ ಕೊಟ್ಟರು. ಮೇಲಿನ ಕೋರೆಹಲ್ಲುಗಳು ಉದ್ದ, ಚಪ್ಪಟೆ, ಚೂರಿಯ ಹಾಗೆ.

"ಇದು ಕತ್ತಿಹಲ್ಲಿನ ಬೆಕ್ಕು ಅಲ್ವಾ?" ಎಂದೆ.

"ಬೆಕ್ಕೇ ಅಲ್ಲ," ಎಂದರು.

ಬುರುಡೆಯನ್ನು ತಿರುಗಿಸಿ ಕಿವಿಯ ಜಾಗ ತೋರಿಸಿದರು. ಬೆಕ್ಕುಗಳಿಗೆ ಅಲ್ಲಿ ಗುಳ್ಳೆಯಂಥ ಮೂಳೆ ಇರುತ್ತದಂತೆ. ಒಳಗಿನ ತೆಳು ಗೋಡೆ ಅದನ್ನು ಎರಡು ಕೋಣೆ ಮಾಡುತ್ತದೆ. ಇದಕ್ಕೆ ಆ ಗೋಡೆ ಇಲ್ಲ. ಇದರ ಕುಟುಂಬವೇ ಬೇರೆ, ನಿಮ್ರಾವಿಡ್. ಸುಮಾರು 3 ಕೋಟಿ ವರ್ಷದ ಹಿಂದೆ ಈ ನೆಲದಲ್ಲಿ ಬೇಟೆಯಾಡುತ್ತಿತ್ತು. ಎಲ್ಲರಿಗೂ ಗೊತ್ತಿರುವ ಕತ್ತಿಹಲ್ಲಿನ ಬೆಕ್ಕು ಸ್ಮೈಲೋಡಾನ್ ನಿಜವಾದ ಬೆಕ್ಕು, ತೀರಾ ಈಚಿನದು. ಎರಡಕ್ಕೂ ಅದೇ ಆಯುಧ ಬಂದಿದ್ದು ಬೇರೆ ಬೇರೆಯಾಗಿ!

ಕೆಳದವಡೆ ನೋಡಿ ಇನ್ನೂ ಬೆರಗಾಯಿತು. ಮುಂಭಾಗದಲ್ಲಿ ಎರಡೂ ಕಡೆ ಮೂಳೆ ಕೆಳಕ್ಕೆ ಇಳಿದಿದೆ. ಬಾಯಿ ಮುಚ್ಚಿದರೆ ಕೋರೆಹಲ್ಲು ಅದರ ಪಕ್ಕದಲ್ಲಿ ಕೂರುತ್ತದೆ, ಕತ್ತಿಗೆ ಒರೆ ಇದ್ದ ಹಾಗೆ. ಬಾಯಿ ಮುಚ್ಚಿಸಿ, ತೆಗೆಸಿ, ಎಷ್ಟು ಹೊತ್ತು ನೋಡಿದೆನೋ.

"ಇಷ್ಟು ದೊಡ್ಡ ಹಲ್ಲು ಬೇಟೆಗೆ ಮಾತ್ರವೇ?"

"ಜಗಳಕ್ಕೂ," ಎಂದರು. ಈ ಪ್ರಾಣಿಗಳ ಎಷ್ಟೋ ಬುರುಡೆಗಳ ಮೇಲೆ ಇನ್ನೊಂದು ನಿಮ್ರಾವಿಡ್ ಕಚ್ಚಿದ ತೂತುಗಳಿವೆಯಂತೆ. ನನ್ನ ಬೆರಳು ತಾನಾಗಿ ಬುರುಡೆಯ ಹಣೆಗೆ ಹೋಯಿತು.

2010ರಲ್ಲಿ ಇದೇ ಕೇಂದ್ರದ ಹತ್ತಿರ ಏಳು ವರ್ಷದ ಹುಡುಗಿಯೊಬ್ಬಳು ಇಂಥದ್ದೊಂದು ಬುರುಡೆ ಕಂಡಳು. ಕೀಳಲಿಲ್ಲ. ರೇಂಜರ್‌ಗಳಿಗೆ ಹೇಳಿದಳು. ನನಗೆ ಇಡೀ ಉದ್ಯಾನದಲ್ಲಿ ಜಾಸ್ತಿ ಇಷ್ಟವಾದ ಕಥೆ ಇದೇ. ಕಾರು ನಿಲ್ಲಿಸಿ ಎರಡು ನಿಮಿಷ ಫೋಟೊ ತೆಗೆದು ಹೊರಡುವವರಿಗೆ ಈ ನೆಲ ಏನನ್ನೂ ಹೇಳುವುದಿಲ್ಲ.

ಮಾರನೆಯ ದಿನ ನಾವೂ ನೆಲ ನೋಡುತ್ತಾ ನಡೆದೆವು. ರಾತ್ರಿ ಮಳೆ ಬಂದಿತ್ತು. ಅಲ್ಲಿನ ಜೇಡಿಮಣ್ಣು ಬೂಟಿಗೆ ಗಾರೆಯಂತೆ ಮೆತ್ತಿಕೊಂಡಿತು. ಜಾರಿಬಿದ್ದು ಮೊಣಕೈ ತರಚಿದ್ದು ವಾರವಾದರೂ ಉರಿಯುತ್ತಿದೆ. ಮಳೆ ಬಂದಿದ್ದರೆ ದಿಬ್ಬ ಹತ್ತಬೇಡಿ, ಒಣಗುವ ತನಕ ಕಾಯಿರಿ. ನೀರು ಜಾಸ್ತಿ ಒಯ್ಯಿರಿ, ನೆರಳೇ ಇಲ್ಲ.

ಬಿದ್ದ ಜಾಗದಲ್ಲೇ ಬೆರಳುದ್ದದ ಬಿಳಿ ಮೂಳೆ ಕಂಡಿತು. ಮುಟ್ಟಲಿಲ್ಲ. ಫೋಟೊ ತೆಗೆದು, ಜಾಗ ಗುರುತಿಟ್ಟುಕೊಂಡು ಕೇಂದ್ರಕ್ಕೆ ಹೋಗಿ ವಿವರ ಬರೆದುಕೊಟ್ಟೆವು. ಆ ಮಹಿಳೆ ಫೋಟೊವನ್ನು ದೊಡ್ಡದು ಮಾಡಿ, ಬಹಳ ಹೊತ್ತು ನೋಡುತ್ತಾ ನಿಂತರು.