ಚೇಳೂರು ದಾರಿಯ ಸೈಕಲ್ ಅಂಗಡಿ

ಜನವರಿಯ ಒಂದು ಭಾನುವಾರ ಬೆಳಿಗ್ಗೆ 6 ಗಂಟೆಗೆ, ಇನ್ನೂ ಕತ್ತಲಿರುವಾಗಲೇ, ಚಿಕ್ಕಬಳ್ಳಾಪುರದಿಂದ ಹೊರಟ ನಲವತ್ತು ಚಿಲ್ಲರೆ ಸೈಕಲ್ ಸವಾರರಲ್ಲಿ ನಾನೂ ಒಬ್ಬಳಾಗಿದ್ದೆ. ಗೌರಿಬಿದನೂರು, ಗುಡಿಬಂಡೆ, ಬಾಗೇಪಲ್ಲಿ, ಚೇಳೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಹಾದು ಮತ್ತೆ ಚಿಕ್ಕಬಳ್ಳಾಪುರಕ್ಕೇ ಮರಳುವ 200 ಕಿಲೋಮೀಟರುಗಳ ಸುತ್ತು ಅದು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ, ನಲವತ್ತಾರರ ವಯಸ್ಸಿನ ನನಗೆ ಇಂಥ ಸವಾರಿ ಇದು ಎರಡನೆಯದು. ಈ ಬರಹ ಇಡೀ ಸುತ್ತಿನ ವರದಿಯಲ್ಲ. ದಾರಿಯಲ್ಲಿ ಸಿಕ್ಕ ಒಂದು ಅಂಗಡಿ ಮತ್ತು ಅಲ್ಲಿ ಕಳೆದ ಸುಮಾರು ಒಂದು ಗಂಟೆಯ ಕಾಲ ನನ್ನ ಮನಸ್ಸಿನಿಂದ ಇನ್ನೂ ಸರಿಯದೆ ಇರುವುದರಿಂದ ಬರೆಯುತ್ತಿದ್ದೇನೆ.

ಬ್ರೆವೆ ಎಂದು ಕರೆಯುವ ಈ ಬಗೆಯ ಸವಾರಿ ಸ್ಪರ್ಧೆಯಲ್ಲ. ಮೊದಲು ಬಂದವರಿಗೆ ಪದಕವಿಲ್ಲ, ಕೊನೆಗೆ ಬಂದವರಿಗೆ ಅವಮಾನವಿಲ್ಲ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಬೇಕು, ಸವಾರರು ಹಾದುಹೋದದ್ದನ್ನು ಗುರುತಿಸಲು ದಾರಿಯಲ್ಲಿ ಗೊತ್ತುಮಾಡಿದ ಠಾಣೆಗಳಲ್ಲಿ ನಮ್ಮ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು, ಅಷ್ಟೆ. ನಡುವಿನ ಠಾಣೆಗಳಿಗೆ ಹೆಚ್ಚಾಗಿ ಗಂಟೆಗೆ 15 ಕಿಲೋಮೀಟರಿನ ಲೆಕ್ಕದಲ್ಲಿ ಮುಚ್ಚುವ ವೇಳೆ ಇರುತ್ತದೆ. ನಮ್ಮವರ ಕಾರೋ ಬೈಕೋ ಹಿಂದೆ ಬಂದು ದಾರಿಯಲ್ಲಿ ನೆರವಾಗುವಂತಿಲ್ಲ. ಏನು ಕೆಟ್ಟರೂ ನಾವೇ ಸರಿಪಡಿಸಿಕೊಳ್ಳಬೇಕು, ಇಲ್ಲವೇ ದಾರಿಯಲ್ಲಿ ಸಿಕ್ಕ ಅಂಗಡಿಯನ್ನು ನಂಬಬೇಕು. ಈ ಪದ್ಧತಿ ಬಂದದ್ದು ಫ್ರಾನ್ಸಿನಿಂದ. 1891ರಲ್ಲಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ ಇಂದಿಗೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಅದರಲ್ಲಿ 1,200 ಕಿಲೋಮೀಟರನ್ನು 90 ಗಂಟೆಗಳಲ್ಲಿ ಮುಗಿಸಬೇಕು. ಅಲ್ಲಿಗೆ ಹೋಗುವ ಆಸೆ ಇರುವವರು ಮೊದಲು 200, 300, 400, 600 ಕಿಲೋಮೀಟರುಗಳ ಮೆಟ್ಟಿಲು ಹತ್ತಬೇಕು. ನಾನಿನ್ನೂ ಮೊದಲ ಮೆಟ್ಟಿಲಿನಲ್ಲಿದ್ದೇನೆ.

ಗೌರಿಬಿದನೂರಿನವರೆಗಿನ ದಾರಿಯಲ್ಲಿ ಮಂಜು ಬಿಟ್ಟರೆ ಹೇಳುವಂಥದ್ದು ಏನೂ ಇಲ್ಲ. ಚಿಕ್ಕಬಳ್ಳಾಪುರ ಎತ್ತರದಲ್ಲಿರುವುದರಿಂದ ಆ ಕಡೆಗೆ ಇಳಿಜಾರೇ ಹೆಚ್ಚು, ಇಳಿದದ್ದನ್ನೆಲ್ಲ ಸಂಜೆ ಏರಬೇಕೆಂಬುದು ಆಗ ನೆನಪಿರುವುದಿಲ್ಲ. ನಮ್ಮ ದಾರಿಯಲ್ಲಿ ನಂದಿಬೆಟ್ಟ ಇರಲಿಲ್ಲವೆಂದು ಬೆಂಗಳೂರಿನಿಂದ ಬಂದಿದ್ದ ಕೆಲವರು ಬೇಸರಪಟ್ಟರು. ನನಗೆ ಬೇಸರವಾಗಲಿಲ್ಲ. 1,478 ಮೀಟರ್ ಎತ್ತರದ ಆ ಬೆಟ್ಟ ಸುಂದರವಾದದ್ದೇ. ಆದರೆ ಭಾನುವಾರ ಬೆಳಿಗ್ಗೆ ಅಲ್ಲಿ ಸಾಲುಗಟ್ಟುವ ಕಾರುಗಳ ಹೊಗೆಯಲ್ಲಿ ಏದುಸಿರು ಬಿಡುವುದಕ್ಕಿಂತ, ಗುಡಿಬಂಡೆಯ ಬಂಡೆಗುಡ್ಡಗಳ ನಡುವೆ ಒಂದಾದ ಮೇಲೊಂದು ಬರುವ ಹೆಸರಿಲ್ಲದ ದಿಣ್ಣೆಗಳನ್ನು ಏರುವುದು ನನಗೆ ಹೆಚ್ಚು ಇಷ್ಟ. ನಂದಿಬೆಟ್ಟದಲ್ಲಿ ಒಮ್ಮೆ ಏರಿದರೆ ಮುಗಿಯಿತು. ಈ ದಿಣ್ಣೆಗಳಾದರೋ ಏರಿಳಿದು, ಏರಿಳಿದು, ತೊಡೆಯಲ್ಲಿ ಉಳಿದಿರುವ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ವಸೂಲಿ ಮಾಡುತ್ತವೆ. ಗುಡಿಬಂಡೆಯ ಕೋಟೆಯ ಕೆಳಗೆ ಬೈರಸಾಗರದ ನೀರಿನ ಮೇಲೆ ಬಿಸಿಲು ಬೀಳುವ ಹೊತ್ತಿಗೆ ನಾನು ಅಲ್ಲಿದ್ದೆ. ಐದು ನಿಮಿಷ ನಿಂತು ನೋಡಿ ಹೊರಟೆ.

ಚೇಳೂರಿನಲ್ಲಿ ಒಂದು ಪುಟ್ಟ ಹೋಟೆಲಿನಲ್ಲಿ ಮುದ್ದೆ ಮತ್ತು ಹಿತಕಿದ ಬೇಳೆ ಸಾರು ಉಂಡೆ. ಅವರೆಯ ಕಾಲ, ಸೊಗಡು ಊರಿಗೆ ಊರೇ ಹರಡಿತ್ತು. ಜೊತೆಯ ಸವಾರರು ಪೊಟ್ಟಣದಿಂದ ಹಿಂಡಿಕೊಂಡು ನುಂಗುವ ಸಿಹಿ ಅಂಟನ್ನು ನಾನೂ ಒಮ್ಮೆ ತಿಂದು ನೋಡಿದ್ದೇನೆ, ನನಗದು ಒಗ್ಗುವುದಿಲ್ಲ. ಅರ್ಧ ಮುದ್ದೆ ಹಿತವಾಗಿ ಮೂರು ಗಂಟೆ ಕಾಲ ಹೊಟ್ಟೆಯನ್ನು ಕಾಯುತ್ತದೆ.

ತೊಂದರೆ ಶುರುವಾದದ್ದು ಅಲ್ಲಿಂದ ಮುಂದೆ. ಚಿಂತಾಮಣಿಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದೆಡೆ ರೈತರು ಹುರುಳಿಯನ್ನು ಡಾಂಬರಿನ ಉದ್ದಕ್ಕೂ ಹರಡಿದ್ದರು. ಓಡಾಡುವ ಬಸ್ಸು, ಟ್ರ್ಯಾಕ್ಟರುಗಳ ಚಕ್ರಗಳೇ ಅವರ ಒಕ್ಕಣೆಯ ಗುಂಡು. ಹುರುಳಿಯ ಬಳ್ಳಿ ಗೇರಿಗೆ ಸುತ್ತಿಕೊಂಡರೆ ಸೈಕಲ್ಲು ಅಲ್ಲೇ ನಿಲ್ಲುತ್ತದೆಂದು ನಾನು ರಸ್ತೆಯ ಅಂಚಿನ ಮಣ್ಣಿಗೆ ಇಳಿಸಿದೆ. ಅಂಚಿನಲ್ಲಿ ಯಾರೋ ಕಡಿದು ಹಾಕಿದ ಬಳ್ಳಾರಿ ಜಾಲಿಯ ಕೊಂಬೆಗಳಿದ್ದವು. ನೂರು ಗಜ ಹೋಗುವಷ್ಟರಲ್ಲಿ ಹಿಂದಿನ ಚಕ್ರದ ಗಾಳಿ ಪೂರ್ತಿ ಇಳಿಯಿತು. ಒಕ್ಕಣೆ ಕಂಡಲ್ಲಿ ಇಳಿದು, ಸೈಕಲ್ಲನ್ನು ಎತ್ತಿಕೊಂಡು ನಡೆಯಬೇಕು ಎಂಬುದನ್ನು ಆ ದಿನ ಕಲಿತೆ.

ಬದಲಿ ಟ್ಯೂಬು ಚೀಲದಲ್ಲಿತ್ತು. ಹಾಕಿದೆ. ನನ್ನ ಚಕ್ರದ ರಿಮ್ಮಿನ ಆಳ 35 ಮಿಲಿಮೀಟರು, ಟ್ಯೂಬಿನ ವಾಲ್ವಿನ ಉದ್ದ 40. ರಿಮ್ಮಿನಿಂದ ಹೊರಗೆ ಉಳಿದದ್ದು ಐದೇ ಮಿಲಿಮೀಟರು. ಪಂಪಿನ ಬಾಯಿ ಹಿಡಿಯಲೇ ಇಲ್ಲ. ಎರಡು ದಿನ ಮೊದಲು ಆ ಟ್ಯೂಬು ಕೊಳ್ಳುವಾಗ ನಾನು ರಿಮ್ಮಿನ ಅಳತೆಯನ್ನು ಬಾಯಿಬಿಟ್ಟು ಹೇಳಿದ್ದೆ, ಅಂಗಡಿಯವರು ಪೆಟ್ಟಿಗೆಯ ಮೇಲಿನ ಬರಹವನ್ನೂ ನೋಡದೆ "ಆಗುತ್ತೆ ಮೇಡಂ" ಎಂದು ಕೊಟ್ಟಿದ್ದರು. ತೇಪೆ ಹಾಕೋಣವೆಂದು ನೋಡಿದರೆ, ಕಳೆದ ವರ್ಷ ಒಮ್ಮೆ ಬಾಯಿ ತೆರೆದಿದ್ದ, ತೇಪೆ ಅಂಟಿಸುವ ಸಲ್ಯೂಷನ್ ಕೊಳವೆಯೊಳಗೇ ಒಣಗಿ ಕಲ್ಲಾಗಿತ್ತು. ದೂರದ ಸವಾರಿಗೆ ಹೋಗುವವರು ಈ ಎರಡು ಮಾತನ್ನು ದಯವಿಟ್ಟು ಕೇಳಬೇಕು. ವಾಲ್ವು ರಿಮ್ಮಿನ ಆಳಕ್ಕಿಂತ ಕನಿಷ್ಠ 15 ಮಿಲಿಮೀಟರಾದರೂ ಉದ್ದವಿರಲಿ, ಮತ್ತು ಬದಲಿ ಟ್ಯೂಬನ್ನು ಮನೆಯಲ್ಲೇ ಒಮ್ಮೆ ಹಾಕಿ, ಗಾಳಿ ಹೊಡೆದು ನೋಡಿ ಚೀಲಕ್ಕಿಡಿ. ಸಲ್ಯೂಷನ್ನನ್ನು ಪ್ರತಿ ಸವಾರಿಗೂ ಹೊಸದಾಗಿ ಕೊಳ್ಳಿ.

ಗಂಟೆ ಎರಡಾಗಿತ್ತು. ಚಿಂತಾಮಣಿಯ ಠಾಣೆ ಮುಚ್ಚುವುದು 4 ಗಂಟೆ 20 ನಿಮಿಷಕ್ಕೆ. ಸೈಕಲ್ಲನ್ನು ತಳ್ಳಿಕೊಂಡು ಒಂದೂವರೆ ಕಿಲೋಮೀಟರ್ ನಡೆದ ಮೇಲೆ ಒಂದು ಊರು, ಊರ ಬಾಗಿಲಿನ ಹುಣಸೆಮರದ ಕೆಳಗೆ ತಗಡಿನ ಚಪ್ಪರ, ಚಪ್ಪರಕ್ಕೆ ತೂಗುಹಾಕಿದ ಹಳೆಯ ಟೈರುಗಳು. ಒಳಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕುಳಿತಿದ್ದರು. ನನ್ನನ್ನು ನೋಡಿ ಒಳಮನೆಯ ಕಡೆಗೆ ತಿರುಗಿ ತೆಲುಗಿನಲ್ಲಿ ನೀರು ತರಲು ಹೇಳಿ, ನನ್ನ ಕಡೆಗೆ ಕನ್ನಡದಲ್ಲಿ ತಿರುಗಿದರು. ನಮ್ಮ ಸೀಮೆಯಲ್ಲಿ ಹೀಗೆ ಒಂದೇ ಉಸಿರಿನಲ್ಲಿ ಎರಡು ಭಾಷೆ ಆಡುವವರನ್ನು ಕಂಡಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಅವರ ಅಂಗಡಿಯಲ್ಲಿದ್ದದ್ದು ಹಳೆಯ ಸೈಕಲ್ಲುಗಳ ವಾಲ್ ಟ್ಯೂಬು, ದಪ್ಪ ಟೈರು. ನನ್ನ ತೆಳುವಾದ ಟ್ಯೂಬನ್ನು ಅವರು ಬೆರಳುಗಳ ನಡುವೆ ಹಿಡಿದು, ಬಟ್ಟೆಯ ಗುಣ ನೋಡುವವರಂತೆ ಒಮ್ಮೆ ಎಳೆದು ನೋಡಿದರು. ನನ್ನ ಪಂಪಿನಿಂದಲೇ ಗಾಳಿ ತುಂಬಿಸಿ, ನೀರಿನ ಬೋಗುಣಿಯಲ್ಲಿ ಅಂಗುಲ ಅಂಗುಲವಾಗಿ ಅದ್ದಿದರು. ಗುಳ್ಳೆಗಳು ಒಂದು ಕಡೆ ಎದ್ದವು. ನಾನು "ಸಿಕ್ಕಿತು" ಎಂದೆ. ಅವರು ಕೇಳಿಸಿಕೊಳ್ಳದವರಂತೆ ಟ್ಯೂಬನ್ನು ಮಗುಚಿ ಒಳಮೈಯನ್ನೂ ಅದ್ದಿದರು. ಅಲ್ಲಿ ಇನ್ನೊಂದು ತೂತು. ಮುಳ್ಳು ಎರಡೂ ಪದರ ದಾಟಿತ್ತು. ಆಮೇಲೆ ಒಂದು ಚೂರು ಹತ್ತಿಯನ್ನು ಟೈರಿನ ಒಳಗೆ ಸವರುತ್ತಾ ಸುತ್ತ ಬಂದರು. ಹತ್ತಿಯ ಎಳೆ ಒಂದೆಡೆ ತೊಡರಿತು. ಕಣ್ಣಿಗೆ ಕಾಣದ ಮುಳ್ಳಿನ ಮೊನೆ ಅಲ್ಲಿ ಉಳಿದಿತ್ತು. ಅದನ್ನು ಕಿತ್ತು ನನ್ನ ಅಂಗೈಗೆ ಹಾಕಿ, ಉಪ್ಪುಕಾಗದ ತೆಗೆದು ಟ್ಯೂಬನ್ನು ಉಜ್ಜತೊಡಗಿದರು.

"ಎಲ್ಲಿಂದ ಬಂದ್ರಿ ತಾಯಿ?"

"ಚಿಕ್ಕಬಳ್ಳಾಪುರದಿಂದ ತಾತ. ಗೌರಿಬಿದನೂರು, ಗುಡಿಬಂಡೆ, ಬಾಗೇಪಲ್ಲಿ ಸುತ್ತಿಕೊಂಡು ಬಂದೆ. ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಮತ್ತೆ ಚಿಕ್ಕಬಳ್ಳಾಪುರಕ್ಕೇ ಹೋಗಬೇಕು. ಒಟ್ಟು ಇನ್ನೂರು ಕಿಲೋಮೀಟರು."

ಇನ್ನೂರು ಎಂದಾಗ ಎದುರಿನವರು ಬೆರಗಾಗುವುದು ನನಗೆ ರೂಢಿಯಾಗಿದೆ. ಅವರು ಬೆರಗಾಗಲಿಲ್ಲ. ಉಜ್ಜುವುದನ್ನು ನಿಲ್ಲಿಸಿ, ತಿಳಿದುಕೊಳ್ಳಬೇಕೆಂಬ ಆಸೆಯಿಂದಲೇ ಕೇಳಿದರು: "ಏನು ಹೊತ್ಕೊಂಡು?"

ಏನೂ ಇಲ್ಲವೆಂದೆ. ಸ್ವಲ್ಪ ಹೊತ್ತು ಯೋಚಿಸಿ, "ಖಾಲಿ ಸೈಕಲ್ಲು ಇಳಿಜಾರಲ್ಲಿ ಗಾಳಿಗೆ ಓಲಾಡ್ತದೆ. ಹುಷಾರು" ಎಂದರು.

ಅನಂತರ ಅವರೇ ಹೇಳಿದರು. ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ರೇಷ್ಮೆ ಹುಳು ಮೇಯಿಸುತ್ತಿದ್ದರಂತೆ. ಪೊರೆ ಬಿಡುವ ನಾಲ್ಕು ಜ್ವರ ಮುಗಿದು, ಹುಳು ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರಿನ ತಟ್ಟೆಯಲ್ಲಿ ಗೂಡು ಕಟ್ಟಿದ ಐದಾರು ದಿನಕ್ಕೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಯ ಹರಾಜಿಗೆ ಸಾಗಿಸಬೇಕು. ತಡಮಾಡಿದಷ್ಟೂ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಆ ದಿನಗಳಲ್ಲಿ ಅವರ ಊರಿಗೆ ಬೆಳಗಿನ ಬಸ್ಸಿರಲಿಲ್ಲ. ಕ್ಯಾರಿಯರಿನ ಮೇಲೆ ಅಡ್ಡ ಕೋಲು ಕಟ್ಟಿ, ಎರಡೂ ಬದಿಗೆ ಚೀಲ ಇಳಿಬಿಟ್ಟು, ರಾತ್ರಿ ಎರಡು ಗಂಟೆಗೆ ಹೊರಡುತ್ತಿದ್ದರು. ಇಲ್ಲಿಂದ ಶಿಡ್ಲಘಟ್ಟಕ್ಕೆ ನಲವತ್ತೈದು ಕಿಲೋಮೀಟರಿಗೆ ಕಡಿಮೆಯಿಲ್ಲ.

"ಭಾರ ಇರಲ್ಲ ತಾಯಿ, ಗೂಡು ಹಗುರ. ಆದ್ರೆ ಬಿಗಿದು ಕಟ್ಟೋ ಹಂಗಿಲ್ಲ. ಬಿಗಿದ್ರೆ ಬೆವರ್ತದೆ, ಒಳಗಿನ ಹುಳ ಸತ್ತು ಕಲೆ ಬೀಳ್ತದೆ. ಸಡಿಲ ಬಿಟ್ರೆ ಚಕ್ರಕ್ಕೆ ಸಿಗ್ತದೆ."

ಬೆಳಕಿಗೆ ಇದ್ದದ್ದು ಡೈನಮೋ. ಚಕ್ರ ಜೋರಾಗಿ ತಿರುಗಿದರೆ ಮಾತ್ರ ದೀಪ ಉರಿಯುತ್ತದೆ. ದಿಣ್ಣೆ ಏರುವಾಗ ವೇಗ ಇಳಿದು ದೀಪವೂ ಆರುತ್ತಾ ಬರುತ್ತದೆ. ಆದ್ದರಿಂದ ಏರಿನಲ್ಲೆಲ್ಲ ಕತ್ತಲು, ಇಳಿಜಾರಿನಲ್ಲೆಲ್ಲ ಬೆಳಕು. ಏರು ಬಂದಾಗ ಇಳಿದು, ಒಂದು ಕೈ ಹ್ಯಾಂಡಲಿನ ಮೇಲೆ, ಇನ್ನೊಂದು ಕೈ ಚೀಲದ ಮೇಲೆ ಇಟ್ಟು, ಕಾಲಿಗೆ ತಗಲುವ ಡಾಂಬರಿನ ಅಂಚನ್ನೇ ನಂಬಿ ನಡೆಯುತ್ತಿದ್ದರಂತೆ. ಒಮ್ಮೆ ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಮೈಮೇಲಿದ್ದ ಕಂಬಳಿಯನ್ನು ಒಂದು ಚೀಲಕ್ಕೆ, ಅಂಗಿ ಪಂಚೆಗಳನ್ನು ಇನ್ನೊಂದಕ್ಕೆ ಹೊದಿಸಿ, ಚಡ್ಡಿಯಲ್ಲೇ ಚಿಂತಾಮಣಿ ದಾಟಿದ್ದನ್ನು ಹೇಳುವಾಗ ಅವರ ಹೆಂಡತಿ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಗೂಡು ನೆನೀಲಿಲ್ಲ" ಎಂದು ಆಕೆ ಮಾತು ಮುಗಿಸಿಕೊಟ್ಟರು.

ನಾನು ಬ್ರೆವೆಯ ಕಾರ್ಡನ್ನು ತೆಗೆದು ತೋರಿಸಿದೆ. ಇದನ್ನು ನನ್ನ ಸಹೋದ್ಯೋಗಿಗಳಿಗೆ ವಿವರಿಸಲು ಎಷ್ಟೋ ಸಲ ಸೋತಿದ್ದೇನೆ. ಬಹುಮಾನವಿಲ್ಲದ ಮೇಲೆ ಹೊತ್ತಿನ ಹಂಗೇಕೆ ಎಂದು ಅವರು ಕೇಳುತ್ತಾರೆ. ಈ ಹಿರಿಯರು ಅದನ್ನು ಕೇಳಲಿಲ್ಲ. ಚಿಂತಾಮಣಿಯ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಎಷ್ಟೊತ್ತಿಗೆ ಮುಚ್ತಾರೆ?" ಎಂದರು. ನಾಲ್ಕು ಇಪ್ಪತ್ತು ಎಂದೆ. ಗೋಡೆಯ ಗಡಿಯಾರ ಮೂರು ದಾಟಿತ್ತು. ಅವರ ಮುಖ ಬದಲಾಯಿತು. "ಅಯ್ಯೋ, ಮೊದಲೇ ಹೇಳಬಾರದಾ? ಹರಾಜು ಮುಗಿದ ಮೇಲೆ ಹೋಗಿ ಏನು ಮಾಡೋದು!" ಎಂದವರೇ ಮಾತು ನಿಲ್ಲಿಸಿ, ಎರಡನೆಯ ತೇಪೆಯನ್ನು ಒತ್ತಿ, ಟೈರನ್ನು ಯಾವ ಸಾಧನವೂ ಇಲ್ಲದೆ ಹೆಬ್ಬೆರಳುಗಳಿಂದಲೇ ರಿಮ್ಮಿಗೆ ಕೂಡಿಸಿಬಿಟ್ಟರು. ನಾನು ಗಾಳಿ ಹೊಡೆಯುತ್ತಿರುವಾಗ ದಾರಿ ಹೇಳಿದರು. ಚಿಂತಾಮಣಿ ದಾಟಿ ಶಿಡ್ಲಘಟ್ಟದ ಕಡೆಗೆ ಹೋಗುವಾಗ ಒಂದು ಕಡೆ ರಸ್ತೆ ಮಟ್ಟಸವಾಗಿ ಕಾಣುತ್ತದೆ, ಆದರೆ ಅದು ಏರು; "ಕಣ್ಣನ್ನ ನಂಬಬೇಡಿ, ಕಾಲನ್ನ ನಂಬಿ, ನಿಧಾನಕ್ಕೆ ತುಳೀರಿ." ಎರಡು ತೇಪೆಗೆ ನಲವತ್ತು ರೂಪಾಯಿ ಎಂದರು. ಕೊಟ್ಟೆ. ಎಣಿಸಿ ಜೇಬಿಗಿಟ್ಟುಕೊಂಡರು.

3 ಗಂಟೆ 20 ನಿಮಿಷಕ್ಕೆ ಹೊರಟವಳು ಚಿಂತಾಮಣಿಯವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಠಾಣೆಯ ಹುಡುಗ ಮೇಜನ್ನು ಮಡಚಲು ಸಿದ್ಧನಾಗಿದ್ದ. ಕಾರ್ಡಿನ ಮೇಲೆ 4:14 ಎಂದು ಬರೆದು ಮುದ್ರೆ ಒತ್ತಿದ.

ಮಟ್ಟಸವಾಗಿ ಕಾಣುವ ಆ ಏರು ಅವರು ಹೇಳಿದಂತೆಯೇ ಬಂತು. ಮುಂದೆ ಹೋಗುತ್ತಿದ್ದ ಇಬ್ಬರು ಯುವಕರು ಸೀಟಿನಿಂದ ಎದ್ದು ನಿಂತು ತುಳಿಯುತ್ತಾ, ಸೈಕಲ್ಲಿಗೆ ಏನೋ ಆಗಿದೆಯೆಂದು ಮತ್ತೆ ಮತ್ತೆ ಹಿಂದಿನ ಚಕ್ರವನ್ನು ನೋಡಿಕೊಳ್ಳುತ್ತಿದ್ದರು. ನಾನು ಹಗುರವಾದ ಗೇರಿಗೆ ಇಳಿಸಿ, ಕುಳಿತೇ ತುಳಿದೆ. ಇಕ್ಕೆಲದಲ್ಲೂ ಹಿಪ್ಪುನೇರಳೆಯ ತೋಟಗಳಿದ್ದವು. ಸೊಪ್ಪು ಕೊಯ್ದು ಹೊರೆ ಕಟ್ಟಿ ಬದುವಿನ ಮೇಲೆ ಇಟ್ಟಿದ್ದರು, ಅದನ್ನು ಒಯ್ಯಲು ಮೊಪೆಡ್ಡುಗಳು ನಿಂತಿದ್ದವು. ಒಂದು ಸೈಕಲ್ಲೂ ಇರಲಿಲ್ಲ.

ಶಿಡ್ಲಘಟ್ಟ ತಲುಪಿದಾಗ ಸೂರ್ಯ ಮುಳುಗುತ್ತಿದ್ದ. ಊರು ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬಂತು. ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳಿಂದ ಬರುವ ಆ ಘಾಟು ಒಮ್ಮೆ ಬಲ್ಲವರಿಗೆ ಮರೆಯುವಂಥದ್ದಲ್ಲ. ಹೊತ್ತಿನ ಅಭಾವವಿದ್ದರೂ ಗೂಡಿನ ಮಾರುಕಟ್ಟೆಯ ಕಡೆಗೆ ತಿರುಗಿಸಿದೆ. ಆ ಹೊತ್ತಿನಲ್ಲಿ ಅಲ್ಲಿ ವ್ಯಾಪಾರವಿರಲಿಲ್ಲ. ಗೇಟಿನ ಬುಡದಲ್ಲಿ, ಯಾರದೋ ಚೀಲದಿಂದ ಉದುರಿದ್ದ ಒಂದು ಹಳದಿ ಗೂಡು ಬಿದ್ದಿತ್ತು. ಎತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿದೆ. ಒಳಗೆ ಒಣಗಿದ ಕಾಳಿನಂತೆ ಸದ್ದಾಯಿತು. ಅದನ್ನು, ಆ ಹಿರಿಯರು ಕಿತ್ತುಕೊಟ್ಟ ಮುಳ್ಳಿನ ಮೊನೆಯನ್ನು ಸುತ್ತಿಟ್ಟುಕೊಂಡಿದ್ದ ಕಾಗದದಲ್ಲೇ ಸುತ್ತಿ, ದೀಪ ಹಾಕಿಕೊಂಡು, ಉಳಿದ ಹದಿನಾರು ಕಿಲೋಮೀಟರನ್ನು ತುಳಿದೆ. ಚಿಕ್ಕಬಳ್ಳಾಪುರದಲ್ಲಿ ಕೊನೆಯ ಮುದ್ರೆ ಬಿದ್ದದ್ದು 7 ಗಂಟೆ 12 ನಿಮಿಷಕ್ಕೆ.

ಮರುವಾರ 60 ಮಿಲಿಮೀಟರ್ ವಾಲ್ವಿನ ಎರಡು ಟ್ಯೂಬುಗಳನ್ನು ಬೇರೆ ಅಂಗಡಿಯಿಂದ ತಂದು, ಮನೆಯಲ್ಲೇ ಹಾಕಿ ನೋಡಿ, ಚೀಲದಲ್ಲಿಟ್ಟಿದ್ದೇನೆ. ಹಿಂದಿನ ಚಕ್ರದಲ್ಲಿ ಎರಡು ತೇಪೆಯ ಹಳೆಯ ಟ್ಯೂಬೇ ಇದೆ. ಬರುವ 300 ಕಿಲೋಮೀಟರಿಗೂ ಅದನ್ನೇ ಹಾಕಿಕೊಂಡು ಹೊರಡುತ್ತೇನೆ.