ಓದಿಗೆ ರಜೆ ಹಾಕಿದರೆ ಸಾಲಕ್ಕೂ ರಜೆನಾ?

ಅಮೆರಿಕದ ಮೆಡಿಕಲ್ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಸಾಲ, ಸ್ಕಾಲರ್‌ಶಿಪ್ ನೋಡಿಕೊಳ್ಳುವ ಆಫೀಸಿನಲ್ಲಿದ್ದೇನೆ ಅಂತ ಗೊತ್ತಾದ ಕೂಡಲೇ ನಮ್ಮವರು ಕೇಳುವುದು ಒಂದೇ ಪ್ರಶ್ನೆ. "ಮಗ ಒಂದು ವರ್ಷ ರಜೆ ತಗೊಳ್ತಾನಂತೆ. ಅಲ್ಲಿವರೆಗೂ ಸಾಲ ಹಾಗೇ ಇರುತ್ತೆ, ಕಂತು ಶುರುವಾಗಲ್ಲ ಅಲ್ವಾ?" ಹೌದು ಅಂತ ಹೇಳಿಸಿಕೊಳ್ಳೋಕೇ ಫೋನ್ ಮಾಡಿರುತ್ತಾರೆ. ಒಂದು ವರ್ಷದ ರಜೆ ಅಂದರೆ ನನ್ನ ಉತ್ತರ "ಇಲ್ಲ" ಅಂತಲೇ. ಹಾಗೇ ಇರುವುದಿಲ್ಲ.

ಇಲ್ಲಿ ರಜೆ ಎರಡು ಥರ. ಒಂದು ಕಾಲೇಜು ಕೊಡುವ ರಜೆ. ಕಾಯಿಲೆ, ಹೆರಿಗೆ, ಸಂಶೋಧನೆ, ಡಾಕ್ಟರ್ ಲೈಸೆನ್ಸಿಗೆ ಬರೆಯಬೇಕಾದ ಸ್ಟೆಪ್ 1 ಪರೀಕ್ಷೆಗೆ ಓದು, ಕಾರಣ ಏನೇ ಇರಲಿ, ಡೀನ್ ಒಪ್ಪಿದರೆ ಆಯಿತು. ಇನ್ನೊಂದು, ಫೆಡರಲ್ ಸಾಲದ, ಅಂದರೆ ಅಮೆರಿಕ ಸರ್ಕಾರ ಕೊಡುವ ವಿದ್ಯಾರ್ಥಿ ಸಾಲದ, ನಿಯಮ ಒಪ್ಪುವ ರಜೆ. ಅದು ಬಹಳ ಬಿಗಿ. ಯಾವುದೇ 12 ತಿಂಗಳಲ್ಲಿ ಎಲ್ಲಾ ರಜೆ ಸೇರಿ 180 ದಿನ ದಾಟಬಾರದು. ಶನಿವಾರ, ಭಾನುವಾರವೂ ಲೆಕ್ಕಕ್ಕೆ ಬರುತ್ತವೆ. ಕಾರಣ ಬರೆದು, ಸಹಿ ಹಾಕಿ ಮೊದಲೇ ಅರ್ಜಿ ಕೊಡಬೇಕು. ಅಪಘಾತದಂಥದ್ದಾದರೆ ಮಾತ್ರ ಆಮೇಲೆ ಕೊಡಬಹುದು. ಸೆಮಿಸ್ಟರ್ ಪದ್ಧತಿಯಲ್ಲಿ ಓದುವವರು ಪಾಠ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಮುಂದುವರಿಸಬೇಕು. ಅದೇ ಪಾಠ ಮುಗಿಸೋಕೆ ಕಾಲೇಜು ಮತ್ತೆ ಫೀಸು ಕೇಳುವಂತಿಲ್ಲ. ಇಷ್ಟರಲ್ಲಿ ಒಂದು ತಪ್ಪಿದರೂ, ಡೀನ್ ಕಾಗದದಲ್ಲಿ ಏನೇ ಬರೆದಿರಲಿ, ಸಾಲದ ಲೆಕ್ಕದಲ್ಲಿ ನಿಮ್ಮ ಮಗ ಕಾಲೇಜು ಬಿಟ್ಟವನು.

ಒಬ್ಬರು ತಂದೆ ಎರಡು ಕಾಗದಗಳ ಫೋಟೋ ಕಳಿಸಿದ್ದರು. ಮಗಳು ಬೇರೆ ಊರಿನ ಕಾಲೇಜಿನಲ್ಲಿ ಮೂರನೇ ವರ್ಷ. ಒಂದರಲ್ಲಿ ಸೆಪ್ಟೆಂಬರಿಂದ ಮುಂದಿನ ಆಗಸ್ಟ್‌ವರೆಗೆ ರಜೆ ಮಂಜೂರು ಅಂತ ಇತ್ತು. ಇನ್ನೊಂದು ಸಾಲದ ಕಂಪನಿಯದು, ಮೊದಲ ಕಂತು ಏಪ್ರಿಲ್‌ನಲ್ಲಿ. "ಕಾಲೇಜಿನವರೇ ರಜೆ ಕೊಟ್ಟಿದ್ದಾರೆ ಕಣಮ್ಮಾ, ಡೀನ್ ಸೈನ್ ಇದೆ. ಇವರು ಯಾರು ಕೇಳೋಕೆ?" ಅಂದರು. ಎರಡೂ ಕಾಗದ ಸರಿಯಾಗಿಯೇ ಇದ್ದವು. ಸೆಪ್ಟೆಂಬರಿಗೆ ಆರು ತಿಂಗಳು ಸೇರಿಸಿ ನೋಡಿ, ಮಾರ್ಚ್. ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ ಅನ್ನುವ ಸರ್ಕಾರಿ ಸಾಲಕ್ಕೆ ಗ್ರೇಸ್ ಪೀರಿಯಡ್, ಅಂದರೆ ಓದು ಬಿಟ್ಟ ಮೇಲೆ ಕಂತು ಶುರುವಾಗುವವರೆಗಿನ ಬಿಡುವು, ಅಂತ ಇರುವುದೇ ಆ ಆರು ತಿಂಗಳು. ಆಗಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ನನಗೆ ಜಾಸ್ತಿ ಸಂಕಟ ಆಗಿದ್ದು ಮುಂದಿನ ಮಾತು ಹೇಳಬೇಕಾದಾಗ. ಆರು ತಿಂಗಳೊಳಗೆ ಅರ್ಧ ಹೊರೆಯ ಓದಿಗಾದರೂ ವಾಪಸ್ ಹೋದರೆ ಗ್ರೇಸ್ ಪೂರ್ತಿ ಉಳಿಯುತ್ತದೆ. ಆರು ತಿಂಗಳು ಮುಗಿದರೆ ಆ ಸಾಲಕ್ಕೆ ಗ್ರೇಸ್ ಮತ್ತೆ ಸಿಗುವುದೇ ಇಲ್ಲ. ಓದಿಗೆ ಮರಳಿದ ಮೇಲೆ ಕಂತು ಮತ್ತೆ ನಿಲ್ಲುತ್ತದೆ, ನಿಜ. ಆದರೆ ಡಿಗ್ರಿ ಮುಗಿದ ಕೂಡಲೇ, ಆಸ್ಪತ್ರೆಯಲ್ಲಿ ಮಾಡುವ ರೆಸಿಡೆನ್ಸಿ ತರಬೇತಿಯ ಮೊದಲ ಸಂಬಳಕ್ಕೂ ಮುಂಚೆ, ಹಳೇ ಸಾಲ ಬಾಗಿಲಲ್ಲಿ ನಿಂತಿರುತ್ತದೆ. ಇದನ್ನು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಸೆಮಿಸ್ಟರ್ ಮಧ್ಯೆ ಹೊರಟರೆ ಇನ್ನೊಂದು ಲೆಕ್ಕ. 60 ಶೇಕಡಾ ದಾಟಿದ ಮೇಲೆ ಹೋದರೆ ಆ ಸೆಮಿಸ್ಟರಿನ ಸಾಲ ಪೂರ್ತಿ ನಿಮ್ಮದೇ. 40 ಶೇಕಡಾದಲ್ಲೇ ಹೋದರೆ ನಿಮ್ಮ ಪಾಲೂ 40 ಶೇಕಡಾ. ಉಳಿದದ್ದರಲ್ಲಿ ತನ್ನ ಪಾಲನ್ನು ಕಾಲೇಜು 45 ದಿನದೊಳಗೆ ಸರ್ಕಾರಕ್ಕೆ ವಾಪಸ್ ಕಟ್ಟುತ್ತದೆ. ಅದರಿಂದ ಫೀಸು ಬಾಕಿ ಬಿದ್ದರೆ ಬಿಲ್ಲು ನಿಮ್ಮ ಹೆಸರಿಗೆ. ಕಾಯಿಲೆ ಕ್ಯಾಲೆಂಡರ್ ನೋಡಿ ಬರುವುದಿಲ್ಲ, ಗೊತ್ತು. ಆದರೆ ಸಂಶೋಧನೆಗೋ ಪರೀಕ್ಷೆಗೋ ಹೊರಡುವವರಾದರೂ ತಾರೀಕು ನೋಡಬಹುದಲ್ಲ?

ಬಿಟ್ಟ ವರ್ಷವನ್ನು ಮೊದಲಿಂದ ಓದಬೇಕಾದರೆ ಸಾಲದ ಮಿತಿಯನ್ನೂ ನೋಡಿಕೊಳ್ಳಿ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರಾಡ್ ಪ್ಲಸ್ ಅನ್ನುವ ಇನ್ನೊಂದು ಸರ್ಕಾರಿ ಸಾಲ ಇಲ್ಲ. ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್, ಅಷ್ಟೇ. ಮತ್ತೆ ಓದುವ ವರ್ಷದ ಸಾಲವೂ ಅದರಲ್ಲೇ ಕಳೆಯುತ್ತದೆ.

ಇಷ್ಟೆಲ್ಲಾ ಕೇಳಿದ ಮೇಲೆ ಆ ತಂದೆ, "ಅವಳು ಸುಮ್ನೆ ಮನೇಲಿ ಇರ್ತಾಳೆ, ಅಷ್ಟೇ ತಾನೆ, ಏನು ಖರ್ಚು?" ಅಂದರು. ಅಲ್ಲಿ ನನಗೆ ಸಿಟ್ಟು ಬಂತು. ಅವಳು ಸುಮ್ನೆ ಇಲ್ಲ. ಹುಷಾರಿಲ್ಲದೆ ಮಲಗಿದ್ದಾಳೆ.

ಸಾಲದ ಗತಿ ಏನು ಅಂತ ಎಲ್ಲರೂ ಕೇಳುತ್ತಾರೆ. ಈ ಒಂದು ವರ್ಷ ಅವಳು ಬದುಕುವುದು ಹೇಗೆ ಅಂತ ಯಾಕೆ ಕೇಳುವುದಿಲ್ಲ? ರಜೆಯಲ್ಲಿ ಹೊಸ ಸಾಲದ ಹಣ ಬರುವುದಿಲ್ಲ. ಅಲ್ಲಿವರೆಗೆ ಬಾಡಿಗೆ, ಊಟ ನಡೆಯುತ್ತಿದ್ದದ್ದೇ ಆ ಹಣದಲ್ಲಿ. ಮನೆಯ ಕರಾರು ಮಾತ್ರ ಮುಗಿದಿರುವುದಿಲ್ಲ. ಕಾಲೇಜಿನ ಆರೋಗ್ಯ ವಿಮೆ ಎಷ್ಟೋ ಕಡೆ ದಾಖಲಾತಿಗೆ ಅಂಟಿಕೊಂಡಿರುತ್ತದೆ. ಆಸ್ಪತ್ರೆ ಬೇಕಾದವಳಿಗೇ ವಿಮೆ ತಪ್ಪಿಹೋಗಬಹುದು. 26 ತುಂಬಿಲ್ಲದಿದ್ದರೆ ಅಪ್ಪ ಅಮ್ಮನ ವಿಮೆಗೆ ಸೇರಿಸಬಹುದು. ಆ ತಂದೆಗೆ ನಾನು ಮೊದಲು ಹೇಳಿದ್ದು ಅದನ್ನೇ.

ಎರಡನೆಯದು, ಸಾಲದ ಕಂಪನಿಗೆ ಮಗಳ ಕೈಯಲ್ಲೇ ಫೋನ್ ಮಾಡಿಸಿ ಅಂತ. ಆದಾಯ ನೋಡಿ ಕಂತು ಕಟ್ಟುವ ಯೋಜನೆ ಕೇಳಿದರೆ ಸಂಪಾದನೆ ಇಲ್ಲದವಳಿಗೆ ಕಂತು ತೀರಾ ಕಡಿಮೆಯಾಗುತ್ತದೆ. ಸ್ವಲ್ಪ ಕಾಲ ಕಂತು ತಡೆಹಿಡಿಯುವುದಕ್ಕೂ ದಾರಿ ಇದೆ, ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಕಾಗದ ಒಡೆಯದೆ ಡ್ರಾಯರಿಗೆ ಹಾಕಬೇಡಿ.

ಇನ್ನೂ ರಜೆ ಹಾಕದವರಿಗೆ ಕೆಲಸ ಸುಲಭ. ಸಹಿ ಹಾಕುವ ಮುಂಚೆ ನನ್ನಂಥವರ ಆಫೀಸಿಗೆ ಬನ್ನಿ. ಇದು ಯಾವ ರಜೆ, ಸಾಲದವರಿಗೆ ಯಾವ ತಾರೀಕು ಹೋಗುತ್ತದೆ, ವಿಮೆ ಯಾವತ್ತಿನವರೆಗೆ ಅಂತ ಕೇಳಿ. ಉತ್ತರವನ್ನು ಇಮೇಲಿನಲ್ಲೇ ಬರೆಸಿಕೊಳ್ಳಿ.